ವಸಡಿನ ಗೆರೆ

ಒದ್ದೆ ಬಟ್ಟೆಯಿಂದ ತಮ್ಮನ ಗಲ್ಲ ಒರೆಸುತ್ತಿದ್ದ ಅಕ್ಕನ ಕೈ ಅವನ ಕೆಳದುಟಿಯ ಹತ್ತಿರ ಬಂದು ನಿಂತೇಬಿಟ್ಟಿತು. ನಿನ್ನೆ ಮಧ್ಯಾಹ್ನ ಫಿಟ್ಸ್ ಬಂದು ಬಿದ್ದಾಗ ಹಲ್ಲಿಗೆ ಸಿಕ್ಕಿ ತುಟಿ ಸೀಳಿತ್ತು. ಅಲ್ಲಿ ಹೆಪ್ಪುಗಟ್ಟಿದ್ದ ರಕ್ತ ತೆಗೆಯೋಣವೆಂದು ತುಟಿಯನ್ನು ಹೆಬ್ಬೆರಳಿನಿಂದ ಸ್ವಲ್ಪ ಕೆಳಗೆಳೆದಿದ್ದಳು, ಅಷ್ಟೇ. ಹಲ್ಲುಗಳ ಬುಡದಲ್ಲಿ, ವಸಡಿನ ಅಂಚಿಗೆ, ಯಾರೋ ಚೂಪಾದ ಪೆನ್ಸಿಲ್ಲಿನಿಂದ ಎಳೆದ ಹಾಗೆ ನೀಲಿಗಪ್ಪು ಗೆರೆಯೊಂದಿತ್ತು. ಒರೆಸಿದಳು, ಹೋಗಲಿಲ್ಲ. ಬಟ್ಟೆಯ ಮೂಲೆಯನ್ನು ಬೆರಳಿಗೆ ಸುತ್ತಿಕೊಂಡು ಉಜ್ಜಿದಳು. ಗೆರೆ ಮೇಲೆ ಅಂಟಿದ್ದಲ್ಲ, ಒಳಗಿನದು.

ಅಕ್ಕ ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯಲ್ಲಿ ಆಯಾ ಆಗಿ ದುಡಿದವಳು. ಸತ್ತವರ ಮುಖ ಒರೆಸುವುದು ಅವಳಿಗೆ ಹೊಸದಲ್ಲ. ಇಂಥ ಗೆರೆಯೂ ಹೊಸದಲ್ಲ. ಎಷ್ಟೋ ವರ್ಷದ ಹಿಂದೆ ಗಂಡಸರ ವಾರ್ಡಿನಲ್ಲಿ ಒಬ್ಬ ರೋಗಿಯ ತುಟಿಯನ್ನು ಹೀಗೇ ಎಳೆದು ನಾಲ್ಕೈದು ಡಾಕ್ಟರುಗಳು ಬಗ್ಗಿ ನೋಡಿದ್ದರು. ಮಾರನೆಯ ದಿನ ಪೊಲೀಸರು ಬಂದಿದ್ದರು. ‘ವಿಷವಂತೆ, ದಿನಾ ಚೂರು ಚೂರು ಒಳಗೆ ಹೋಗಿದೆಯಂತೆ’ ಎಂದು ಸಿಸ್ಟರುಗಳು ಪಿಸುಗುಟ್ಟಿಕೊಂಡಿದ್ದರು. ಅಷ್ಟರಲ್ಲಿ ಅಕ್ಕನಿಗೆ ಹೆರಿಗೆ ವಾರ್ಡಿಗೆ ಡ್ಯೂಟಿ ಬದಲಾಯಿತು. ಆ ಮನುಷ್ಯ ಏನಾದ, ವಿಷ ಎಲ್ಲಿಂದ ಬಂತು, ಅವಳಿಗೆ ಗೊತ್ತಾಗಲೇ ಇಲ್ಲ. ಅರ್ಧ ಕೇಳಿದ ಕತೆಯ ಉಳಿದರ್ಧವನ್ನು ಅವಳೇ ಕಟ್ಟಿಕೊಂಡಿದ್ದಳು: ಮನೆಯವರೇ ಹಾಕಿರಬೇಕು, ಇನ್ಯಾರು?

ತುಟಿಯನ್ನು ಮೆಲ್ಲಗೆ ಮೇಲಕ್ಕೆ ಬಿಟ್ಟು ಅಕ್ಕ ತಲೆಯೆತ್ತಿದಳು.

ತಮ್ಮನ ಹೆಂಡತಿ ಒಳಬಾಗಿಲಿಗೆ ಒರಗಿ ನಿಂತಿದ್ದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಎರಡೂ ಕೈಗಳನ್ನು ಹೊದ್ದ ಶಾಲಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಬೆಳಗಿನಿಂದ ಅಕ್ಕ ಅದನ್ನೇ ಗಮನಿಸುತ್ತಿದ್ದಳು. ಬಂದವರು ಕೈ ಹಿಡಿದು ಸಮಾಧಾನ ಹೇಳಲು ಹೋದರೆ ಆಕೆ ಹಿಂದೆ ಸರಿಯುತ್ತಿದ್ದಳು. ಎಂಟು ವರ್ಷದ ಮಗಳು ಕಾಲಿಗೆ ಜೋತುಬಿದ್ದರೂ ಎತ್ತಿಕೊಳ್ಳಲಿಲ್ಲ. ಗಂಡ ಸತ್ತ ಹೆಂಗಸು ಹೀಗಿರುತ್ತಾಳೆಯೇ?

“ಬಿಸಿಲೇರೋದರೊಳಗೆ ಮುಗಿಸಿಬಿಡೋಣ ಅಕ್ಕಾ.” ಬಾಗಿಲಲ್ಲಿ ನಿಂತು ಹೇಳಿದವನು ಶೆಡ್ಡಿನ ಯಜಮಾನ. ತಮ್ಮ ಆರು ವರ್ಷದಿಂದ ಕೆಲಸ ಮಾಡುತ್ತಿದ್ದದ್ದು ಅವನ ಗುಜರಿ ಶೆಡ್ಡಿನಲ್ಲಿ. “ವ್ಯಾನ್ ನಿಂತಿದೆ. ಹೂವು ಬಂದಿದೆ. ಸ್ಮಶಾನದಲ್ಲಿ ಜಾಗಕ್ಕೂ ಹೇಳಿಬಿಟ್ಟಿದೀನಿ. ನೀವು ಯಾವುದಕ್ಕೂ ಯೋಚನೆ ಮಾಡಬೇಡಿ.”

“ಡಾಕ್ಟರ ಚೀಟಿ?”

“ಅದೂ ಆಗಿದೆ. ರಾತ್ರಿ ನಾನೇ ಬರೆಸಿಕೊಂಡು ಬಂದೆ. ಹಾರ್ಟ್ ಅಟ್ಯಾಕು.”

ಫಿಟ್ಸ್ ಬಂದು ಬಿದ್ದವನಿಗೆ ಹಾರ್ಟ್ ಅಟ್ಯಾಕು! ಅಕ್ಕ ಯಜಮಾನನ ಮುಖ ನೋಡಿದಳು, ಆಮೇಲೆ ತಮ್ಮನ ಹೆಂಡತಿಯ ಮುಖ ನೋಡಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡದಿರಲು ತುಂಬ ಕಷ್ಟಪಡುತ್ತಿದ್ದಾರೆಂದು ಅವಳಿಗೆ ಅನ್ನಿಸಿತು.

*

ತಮ್ಮನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ‘ಟೀವಿ ಡಾಕ್ಟರ್’ ಎಂದು. ಮೂಲೆಯಲ್ಲಿ ನಾಲ್ಕಡಿ ಅಗಲದ ಅಂಗಡಿ. ಜನ ಕೆಟ್ಟ ಟೀವಿಯನ್ನು ದುಪ್ಪಟಿಯಲ್ಲಿ ಸುತ್ತಿ, ಇಬ್ಬರು ಹಿಡಿದುಕೊಂಡು, ಜ್ವರದ ಮಗುವನ್ನು ತಂದ ಹಾಗೆ ತರುತ್ತಿದ್ದರು. ಅವನು ಹಿಂಬದಿಯ ಮುಚ್ಚಳ ಬಿಚ್ಚುವ ಮೊದಲು ಕಿವಿಯಿಟ್ಟು ಕೇಳುತ್ತಿದ್ದ, ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ.

“ಉಳಿಯುತ್ತಾ ಡಾಕ್ಟ್ರೇ?”

“ಇವತ್ತು ಅಡ್ಮಿಟ್ ಮಾಡಿ ಹೋಗಿ. ನಾಳೆ ಬೆಳಿಗ್ಗೆ ಎದ್ದು ಮಾತಾಡುತ್ತೆ.”

ಮಾತಾಡಿಸುತ್ತಿದ್ದ ಕೂಡ. ಎರಡು ಕೈಗೂ ಕೆಲಸವಿದ್ದಾಗ ಬೆಸುಗೆಯ ತಂತಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು ಅವನ ಅಭ್ಯಾಸ. ದರ್ಜಿಯ ಬಾಯಲ್ಲಿ ದಾರವಿರುವ ಹಾಗೆ ಇವನ ಬಾಯಲ್ಲಿ ಲೆಡ್ಡು. ಆ ಕಸುಬಿನವರೆಲ್ಲ ಬೆಸುಗೆ ತಂತಿಗೆ ಲೆಡ್ಡು ಎಂದೇ ಹೇಳುತ್ತಾರೆ. ಅಕ್ಕ ಆಸ್ಪತ್ರೆಯಿಂದ ಮನೆಗೆ ಹೋಗುವಾಗ ಅಂಗಡಿಯ ಮುಂದೆ ನಿಂತು, “ಅದನ್ನ ಉಗುಳಿ ಮಾತಾಡೋ” ಎಂದು ಗದರಿಸುತ್ತಿದ್ದಳು. ಅವನು ತಂತಿ ಕಚ್ಚಿಕೊಂಡೇ ನಗುತ್ತಿದ್ದ.

ಅಂಥ ದಿನಗಳಲ್ಲಿ ಒಬ್ಬಳು ಹುಡುಗಿ ತೀರಿಹೋದ ಅಪ್ಪನ ರೇಡಿಯೋ ಹಿಡಿದುಕೊಂಡು ಬಂದಳು. ಸರಿಮಾಡಿಕೊಟ್ಟ. ತಿಂಗಳಾದ ಮೇಲೆ ಮತ್ತೆ ತಂದಳು, ಮತ್ತೆ ಸರಿಮಾಡಿದ. ಮೂರನೇ ಸಲ ತಂದಾಗ ರೇಡಿಯೋಗೆ ಏನೂ ಆಗಿರಲಿಲ್ಲ. ಅವಳನ್ನೇ ಮದುವೆಯಾದ ಮೇಲೆ ತಮ್ಮ ಅದನ್ನು ಅಕ್ಕನ ಮುಂದೆ ನಗುನಗುತ್ತಾ ಹೇಳಿದ್ದ. ಅಕ್ಕ ನಗಲಿಲ್ಲ. ಅವಳು ತಮ್ಮನಿಗೆ ಬೇರೆ ಕಡೆ ಹೆಣ್ಣು ನೋಡಿಟ್ಟಿದ್ದಳು. ಕೆಡದ ರೇಡಿಯೋ ಕೆಟ್ಟಿದೆ ಎಂದು ಹೇಳಿಕೊಂಡು ಬಂದವಳು ಇನ್ನೇನು ಹೇಳಲಾರಳು ಎಂದು ಅವತ್ತೇ ಅವಳ ಮನಸ್ಸಿನಲ್ಲಿ ಒಂದು ಮುಳ್ಳು ಮುರಿದುಕೊಂಡಿತು. ಹದಿನಾಲ್ಕು ವರ್ಷವಾದರೂ ಅದು ಅಲ್ಲೇ ಇತ್ತು.

*

“ಎತ್ತೋಣವಾ?” ಎಂದ ಶೆಡ್ಡಿನ ಕೆಲಸಗಾರ. ಆರಡಿ ಮೀರಿದ ಆಳು, ಉದ್ದ ಕತ್ತು. ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಕೊಕ್ಕರೆ ಎನ್ನುತ್ತಿದ್ದರು. ತಮ್ಮನ ಪಕ್ಕದಲ್ಲೇ ಕೂತು ಕೆಲಸ ಮಾಡಿದವನು. ಅವನ ಜೊತೆ ಇನ್ನೂ ಐವರು ಬಂದಿದ್ದರು. ಎಲ್ಲರೂ ತೊಳೆದ ಅಂಗಿ ತೊಟ್ಟಿದ್ದರು. ಬೆರಳ ಸಂದಿಯ ಕಪ್ಪು ಮಾತ್ರ ಹೋಗಿರಲಿಲ್ಲ.

“ಯಾರೂ ಮುಟ್ಟಬೇಡಿ” ಎಂದಳು ಅಕ್ಕ.

ಎದುರುಮನೆಯ ದರ್ಜಿ ಅರ್ಧ ಎದ್ದವನು ಹಾಗೇ ಕೂತ.

ಅಕ್ಕ ಎದ್ದು ನೇರ ತಮ್ಮನ ಹೆಂಡತಿಯ ಮುಂದೆ ಹೋಗಿ ನಿಂತಳು.

“ಏನು ಹಾಕ್ತಿದ್ದೆ ಅವನ ಊಟಕ್ಕೆ?”

“ಅತ್ತಿಗೆ?”

“ಅತ್ತಿಗೆ ಗಿತ್ತಿಗೆ ಅನ್ನಬೇಡ. ಅವನ ಬಾಯಿ ನೋಡಿದೀನಿ ನಾನು. ಮೂವತ್ತೊಂದು ವರ್ಷ ಆಸ್ಪತ್ರೆ ನೆಲ ಒರೆಸಿದೀನಿ, ಕಣ್ಣು ಮುಚ್ಚಿಕೊಂಡು ಒರೆಸಿಲ್ಲ. ಏನು ಹಾಕ್ತಿದ್ದೆ?”

ಯಜಮಾನ ಒಳಗೆ ಬಂದ.

“ಅಕ್ಕಾ, ದುಃಖದಲ್ಲಿದೀರಿ. ಸಾವಿನ ಮನೇಲಿ ಇಂಥ ಮಾತು ಬೇಡ. ಹೊತ್ತಾಗ್ತಿದೆ.”

“ನಿಮಗ್ಯಾಕೆ ಹೊತ್ತಾಗ್ತಿದೆ? ಸತ್ತಿರೋದು ನನ್ನ ತಮ್ಮ. ಮಧ್ಯಾಹ್ನದ ಹೊತ್ತು ನಿಮ್ಮ ವ್ಯಾನ್ ಈ ಬಾಗಿಲಲ್ಲಿ ನಿಲ್ತಿತ್ತಂತಲ್ಲ, ಬಾಗಿಲು ಕಿಟಕಿ ಎಲ್ಲಾ ಮುಚ್ಚಿರ್ತಿತ್ತಂತಲ್ಲ? ಯಾಕೆ?” ಅಕ್ಕ ದರ್ಜಿಯ ಕಡೆ ತಿರುಗಿದಳು. “ನೀವೇ ಅಲ್ವಾ ಹೇಳಿದ್ದು?”

ದರ್ಜಿ ತನ್ನ ಹೆಸರು ಆರೋಪಿಗಳ ಪಟ್ಟಿಯಲ್ಲಿ ಬಂದ ಹಾಗೆ ಬೆಚ್ಚಿದ. “ಬಾಗಿಲು ಮುಚ್ಚಿರುತ್ತೆ ಅಂದೆ ಅಷ್ಟೇ ಕಣಮ್ಮ. ಬೇರೆ ಏನೂ ಅಂದಿಲ್ಲ. ವಾಸನೆ ಬರುತ್ತೆ ಅಂತ ಜಗಳಕ್ಕೂ ಹೋಗಿದ್ದೆ ಒಂದ್ಸಲ.”

“ಎಂಥ ವಾಸನೆ?”

“ಸುಟ್ಟದ್ದು. ಗಂಟಲು ಹಿಡಿಯುತ್ತೆ.”

ಎಲ್ಲರ ಕಣ್ಣೂ ಹೆಂಡತಿಯ ಮೇಲೆ ನೆಟ್ಟಿತು. ಆಕೆ ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಳ್ಳಲು ನೋಡಿದಳು. ಶಾಲಿನ ಅಂಚು ಬೆರಳಿಂದ ಜಾರಿತು. ಮಗಳು ಅಳಲು ಶುರುಮಾಡಿದಳು. ಅಕ್ಕ ಫೋನ್ ತೆಗೆದು, ತಾನು ಕೊನೆಯ ಹತ್ತು ವರ್ಷ ಯಾರ ಕೈಕೆಳಗೆ ಕೆಲಸ ಮಾಡಿದ್ದಳೋ ಆ ಡಾಕ್ಟರಮ್ಮನಿಗೆ ಕರೆ ಮಾಡಿದಳು.

“ಮೇಡಂ, ನಾನು. ಒಂದು ಹೆಣ ನೋಡಬೇಕಿತ್ತು ನೀವು. ನನ್ನ ತಮ್ಮಂದು.”

*

ಅಂಗಡಿ ಮುಚ್ಚಿದ್ದು ಯಾರ ತಪ್ಪೂ ಅಲ್ಲ. ಟೀವಿಗಳು ಗೋಡೆಗೆ ಅಂಟುವಷ್ಟು ತೆಳ್ಳಗಾದವು, ಕೆಟ್ಟರೆ ಯಾರೂ ಸರಿಮಾಡಿಸದ ಹಾಗಾದವು. ದುಪ್ಪಟಿಯಲ್ಲಿ ಸುತ್ತಿ ತರುತ್ತಿದ್ದವರು ರಸ್ತೆಯ ಮೂಲೆಗೆ ಎಸೆಯತೊಡಗಿದರು. ಎಸೆದವೆಲ್ಲ ಹೋಗಿ ಸೇರುತ್ತಿದ್ದದ್ದು ಊರಾಚೆಯ ತಗಡಿನ ಶೆಡ್ಡಿಗೆ. ಅವುಗಳ ಹಿಂದೆಯೇ ಟೀವಿ ಡಾಕ್ಟರೂ ಹೋದ.

ಅಕ್ಕ ಒಂದೇ ಸಲ ಆ ಶೆಡ್ಡಿಗೆ ಹೋಗಿದ್ದಳು. ಕಂಪ್ಯೂಟರು, ಫೋನು, ಪ್ರಿಂಟರು, ಹೊಟ್ಟೆ ಬಗೆದ ಟೀವಿಗಳು, ಆಳೆತ್ತರದ ರಾಶಿ. ಒಂದು ಕಡೆ ವೈರು ಸುಟ್ಟು ತಾಮ್ರ ತೆಗೆಯುತ್ತಿದ್ದರು. ಇನ್ನೊಂದು ಕಡೆ ಹಳೆಯ ಟೀವಿಯ ಗಾಜು ಒಡೆದು ಗುಡ್ಡೆ ಹಾಕುತ್ತಿದ್ದರು. ತಮ್ಮ ಕೆಂಡದ ಒಲೆಯ ಮುಂದೆ ಕೂತು, ಕಬ್ಬಿಣದ ತಟ್ಟೆಯ ಮೇಲೆ ಟೀವಿಯೊಳಗಿನ ಹಸಿರು ಬೋರ್ಡೊಂದನ್ನು ಕವುಚಿ ಹಾಕಿದ್ದ. ಬೋರ್ಡಿನ ಲೆಡ್ಡು ಕರಗಿ ಹೊಳೆಯುವ ಹನಿಯಾದಾಗ ಇಕ್ಕಳದಲ್ಲಿ ಹಿಡಿದೆತ್ತಿ ಕಲ್ಲಿಗೆ ಬಡಿದ. ಬಿಡಿಭಾಗಗಳು ಉದುರಿದವು. ಬೂದು ಬಣ್ಣದ ಹೊಗೆ ಅವನ ಮುಖ ಸವರಿಕೊಂಡು ಮೇಲೆ ಹೋಯಿತು.

“ಬದುಕಿಸ್ತಿದ್ದೆ, ಈಗ ಕೊಯ್ತೀನಿ” ಎಂದ. “ಡಾಕ್ಟರ್ ಕೆಲಸ ಬಿಟ್ಟಿಲ್ಲ ಕಣಕ್ಕಾ. ಪೋಸ್ಟ್‌ಮಾರ್ಟಂ ಸೆಕ್ಷನ್‌ಗೆ ಹಾಕಿದಾರೆ.”

ಅವನೇ ನಕ್ಕ. ಆಮೇಲೆ ಅದೇ ಕೈಯಲ್ಲಿ ಡಬ್ಬಿ ಬಿಚ್ಚಿ ಊಟ ಮಾಡಿದ.

ಈ ವರ್ಷ ಅವನು ಬದಲಾಗಿದ್ದ. ಹೊಟ್ಟೆ ಹಿಡಿದುಕೊಂಡು ಮುದುಡಿಕೊಳ್ಳುತ್ತಿದ್ದ. ಮಾತು ಮಾತಿಗೆ ಸಿಡುಕುತ್ತಿದ್ದ. ಊಟದ ತಟ್ಟೆಯನ್ನು ಗೋಡೆಗೆ ಎಸೆದನಂತೆ ಎಂದು ಸುದ್ದಿ ಬಂತು. ಜೋರಾಗಿ ಮಾತಾಡಲೂ ಬಾರದಿದ್ದವನು ಅವನು. ಆರು ತಿಂಗಳ ಹಿಂದೆ ಅಕ್ಕನ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಹೇಳಿದ್ದ:

“ಅಕ್ಕಾ, ಅವಳು ಮಾಡಿದ ಊಟ ಏನೋ ಒಂಥರಾ. ಬಾಯಿಗಿಟ್ಟರೆ ಸಿಹಿ ಸಿಹಿ, ಕೀಲಿಕೈ ನೆಕ್ಕಿದ ಹಾಗೆ.”

“ಏನು ಹಾಕ್ತಾಳೆ?”

“ಹಾಕೋದೇನು? ಎಲ್ಲಾ ಮನೇಲೂ ಹಾಕೋದೇ.”

“ನನ್ನ ಕೈಯ ಚಹಾ ಹೇಗಿದೆ?”

ಅವನು ಒಂದು ಗುಟುಕು ಕುಡಿದು ಯೋಚಿಸಿದ. “ಇದೂ ಹಾಗೇ ಇದೆ” ಎಂದ.

ಆ ಕೊನೆಯ ಮಾತನ್ನು ಅಕ್ಕ ಆಮೇಲೆ ಮರೆತಳು. ಮೊದಲಿನದನ್ನು ಮಾತ್ರ ನೆನಪಿಟ್ಟುಕೊಂಡಳು.

*

ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದರು. ಪೂರ್ತಿ ಬಿಳಿಗೂದಲು, ಗಡುಸು ಮುಖ. ಯಾರಿಗೂ ಏನೂ ಹೇಳದೆ ಹೆಣದ ಪಕ್ಕ ಮಂಡಿಯೂರಿ ಕೂತು, ಟಾರ್ಚು ಹಾಕಿ ವಸಡು ನೋಡಿದರು. ಉಗುರು ನೋಡಿದರು. ಮೊಳಕೈಯಿಂದ ಬೆರಳವರೆಗೆ ಸವರಿ ನೋಡಿದರು.

“ಕೈಯಲ್ಲಿ ಶಕ್ತಿ ಇತ್ತಾ ಇವರಿಗೆ?”

“ಮೂರು ತಿಂಗಳಿಂದ ಅಂಗಿ ಗುಂಡಿ ನಾನೇ ಹಾಕ್ತಿದ್ದೆ” ಎಂದಳು ಹೆಂಡತಿ. ಬೆಳಗಿನಿಂದ ಅವಳು ಪೂರ್ತಿ ಆಡಿದ ಮೊದಲ ಮಾತು ಅದು.

“ಸೀಸದ ಗೆರೆ ಇದ್ದ ಹಾಗಿದೆ” ಎಂದರು ಡಾಕ್ಟರಮ್ಮ.

“ಕೇಳಿದ್ರಾ!” ಅಕ್ಕ ಹೆಂಡತಿಯ ಭುಜ ಹಿಡಿದು ಅಲುಗಿಸಿದಳು. “ಸೀಸೆಯಂತೆ! ಎಲ್ಲಿಟ್ಟಿದೀಯ ಹೇಳೇ ಆ ಸೀಸೆ? ಯಾರು ತಂದುಕೊಟ್ರು? ಇವನು ತಂದುಕೊಟ್ನಾ?”

“ಬಿಡಿ ಅವಳನ್ನ!” ಡಾಕ್ಟರಮ್ಮನ ದನಿ ವಾರ್ಡಿನ ದನಿಯಾಯಿತು. ಅಕ್ಕನ ಕೈ ತಾನಾಗಿ ಕೆಳಗೆ ಬಂತು. “ಸೀಸೆ ಅಲ್ಲ. ಸೀಸ. ಲೋಹ. ತಾಮ್ರ, ಕಬ್ಬಿಣ ಇರೋ ಹಾಗೆ ಅದೂ ಒಂದು. ಇವರ ಕೆಲಸ ಏನು?”

“ಟೀವಿ ರಿಪೇರಿ” ಎಂದಳು ಅಕ್ಕ.

“ರಿಪೇರಿ ಬಿಟ್ಟು ಆರು ವರ್ಷ ಆಯ್ತು” ಎಂದಳು ಹೆಂಡತಿ. “ಬೋರ್ಡು ಕಾಯಿಸಿ ಬಿಚ್ತಿದ್ರು.”

ಕೊಕ್ಕರೆ ತನ್ನ ಉದ್ದ ಕತ್ತು ಮುಂದೆ ಚಾಚಿದ. “ನಮ್ಮ ಶೆಡ್ಡಲ್ಲಿ ಸೀಸ ಇಲ್ಲ ಮೇಡಂ. ತಾಮ್ರ ಇದೆ, ಹಿತ್ತಾಳೆ ಇದೆ, ಅಲ್ಯೂಮಿನಿಯಂ ಇದೆ. ಬೋರ್ಡಿಂದ ಇಳಿಯೋದು ಲೆಡ್ಡು.”

“ಲೆಡ್ಡು ಅಂದ್ರೇನೇ ಸೀಸ ಕಣಪ್ಪ.”

ಕೊಕ್ಕರೆ ನಾಲಿಗೆಯನ್ನು ಮೆಲ್ಲಗೆ ತನ್ನ ವಸಡಿನ ಉದ್ದಕ್ಕೂ ಆಡಿಸಿದ. ಅವನ ಜೊತೆ ಬಂದಿದ್ದ ಐವರೂ ಬಾಯಿ ಮುಚ್ಚಿಕೊಂಡರು.

“ಹೊಗೆಯಲ್ಲಿ ಹೋಗುತ್ತೆ, ಕೈಯಿಂದ ಊಟಕ್ಕೆ ಹೋಗುತ್ತೆ. ಹೋದದ್ದು ಹೊರಗೆ ಬರೋದು ಕಷ್ಟ, ಮೂಳೇಲಿ ಕೂರುತ್ತೆ. ಗೆರೆ ನೋಡಿಯೇ ತೀರ್ಮಾನ ಮಾಡಕ್ಕಾಗಲ್ಲ, ಪರೀಕ್ಷೆ ಆಗಬೇಕು. ಆದರೆ ಇದು ಹಾರ್ಟ್ ಅಟ್ಯಾಕ್ ಅಂತ ನಾನಂತೂ ಬರೆಯಲ್ಲ.” ಡಾಕ್ಟರಮ್ಮ ಹೆಂಡತಿಯ ಕಡೆ ತಿರುಗಿದರು. “ನೀವು ಶಾಲು ತೆಗೀರಿ. ಕೈ ಮುಂದೆ ಚಾಚಿ.”

ಆಕೆ ಹಿಂಜರಿದಳು. ಶಾಲು ಜಾರಿತು. ಚಾಚಿದ ಎರಡು ತೋಳುಗಳ ತುದಿಯಲ್ಲಿ ಅಂಗೈಗಳು ನೀರು ಕಾಣದ ಗಿಡದ ಎಲೆಗಳಂತೆ ಕೆಳಗೆ ಜೋತುಬಿದ್ದವು. ಬೆರಳುಗಳ ತುಂಬ ಸುಟ್ಟ ಚುಕ್ಕೆಗಳು. ಎತ್ತಲು ನೋಡಿದಳು, ಬೆರಳು ಅಲುಗಿದವು, ಮುಂಗೈ ಮೇಲೇಳಲಿಲ್ಲ.

“ತುಟಿ ಎಳೀರಿ.”

ಎಳೆಯಲು ಆಕೆಯಿಂದ ಆಗಲಿಲ್ಲ. ಡಾಕ್ಟರಮ್ಮನೇ ಎಳೆದರು. ಅಕ್ಕ ಬಗ್ಗಿ ನೋಡಿದಳು. ಅದೇ ಗೆರೆ, ಸ್ವಲ್ಪ ತೆಳ್ಳಗೆ.

ಹದಿನಾಲ್ಕು ವರ್ಷ ಜತನ ಮಾಡಿಟ್ಟುಕೊಂಡಿದ್ದ ಅನುಮಾನ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ‘ಯಾರಿಗೂ ಗೊತ್ತಾಗದಿರಲಿ ಅಂತ ತಾನೂ ಚೂರು ತಿಂದಿರಬಹುದಲ್ಲ’ ಎಂದು ಅದು ಒಳಗೊಳಗೇ ಗೊಣಗಿತು. ಆದರೆ ಡಾಕ್ಟರಮ್ಮ ಅಷ್ಟರಲ್ಲಿ ಮಗಳನ್ನು ಹತ್ತಿರ ಕರೆದು, ಕಣ್ಣಿನ ಕೆಳರೆಪ್ಪೆ ಇಳಿಸಿ, ಬಿಳಿಚಿಕೊಂಡದ್ದನ್ನು ನೋಡುತ್ತಿದ್ದರು.

“ಸ್ಕೂಲಲ್ಲಿ ಹೇಗೆ ಪುಟ್ಟಿ?”

“ಮರೆತುಹೋಗುತ್ತೆ” ಎಂದಳು ಮಗಳು. “ಟೀಚರ್ ಬೈತಾರೆ.”

ಹಿಂದಿನ ಕೋಣೆಯನ್ನು ಹೆಂಡತಿಯೇ ತೋರಿಸಿದಳು. ಅಡುಗೆಮನೆಗೂ ಅದಕ್ಕೂ ನಡುವೆ ಬಾಗಿಲಿಲ್ಲ. ಕೆಂಡದ ಒಲೆ, ಕಬ್ಬಿಣದ ತಟ್ಟೆ, ಮೂಟೆಗಟ್ಟಲೆ ಬೋರ್ಡು. ಪಾತ್ರೆಗಳ ಮೇಲೆ, ನೀರಿನ ಕೊಡದ ಅಂಚಿನ ಮೇಲೆ, ಮಗಳ ಪುಸ್ತಕಗಳ ಮೇಲೆ ಸಣ್ಣನೆಯ ಬೂದು ಧೂಳು. ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿತ್ತು.

“ಹೊಗೆ ಹೊರಗೆ ಹೋದ್ರೆ ಬೀದಿಯವರು ಬೈತಾರೆ ಅಂತ ಮುಚ್ತಿದ್ವಿ” ಎಂದಳು. “ಮಧ್ಯಾಹ್ನ ಇವರ ವ್ಯಾನು ಮೂಟೆ ತಂದಿಳಿಸಿ, ಹಿಂದಿನದನ್ನ ಹಾಕ್ಕೊಂಡು ಹೋಗ್ತಿತ್ತು. ಎರಡು ವರ್ಷ ಆಯ್ತು. ಇವರಿಗೆ ಕೈ ಆಗದೆ ಹೋದ ಮೇಲೆ ನಾನೇ ಮಾಡ್ತಿದ್ದೆ.”

“ಮಗು ಮಲಗೋ ಮನೇಲಿ!” ಡಾಕ್ಟರಮ್ಮನ ದನಿ ಏರಿತು. “ಯಾವ ಬುದ್ಧಿವಂತರು ಹೇಳಿದ್ದು ಈ ಕೆಲಸ ಮನೇಲಿ ಮಾಡಿ ಅಂತ?”

ಹೆಂಡತಿ ಒಂದೇ ಒಂದು ಕ್ಷಣ ಅಕ್ಕನ ಕಡೆ ನೋಡಿ, ಕಣ್ಣು ಕೆಳಗೆ ಹಾಕಿದಳು.

ಆ ನೋಟದಲ್ಲಿ ಅಕ್ಕನಿಗೆ ಎಲ್ಲ ನೆನಪಾಯಿತು. ಎರಡು ವರ್ಷದ ಹಿಂದೆ ತಮ್ಮ ಬಂದು, “ಶೆಡ್ಡಲ್ಲಿ ಜಾಗ ಸಾಲದು, ಯಜಮಾನ್ರು ಮನೇಲೇ ಮಾಡಿ ಅಂತಾರೆ. ಏನು ಮಾಡಲಿ ಅಕ್ಕಾ?” ಎಂದು ಕೇಳಿದ್ದ. “ಅದರಲ್ಲಿ ಕೇಳೋದೇನಿದೆ? ತಂದು ಹಾಕು. ಅವಳೂ ದಿನವಿಡೀ ಸುಮ್ಮನೆ ಕೂತಿರ್ತಾಳಲ್ಲ, ಕೈ ಬಗ್ಗಲಿ” ಎಂದಿದ್ದಳು. ಸಣ್ಣಂದಿನಿಂದ ಅಕ್ಕನ ಮಾತು ಮೀರಿದ್ದು ಅವನು ಒಂದೇ ಸಲ, ಮದುವೆಯ ವಿಷಯದಲ್ಲಿ. ಇದರಲ್ಲಿ ಮೀರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿಯೇ ಇರುತ್ತಾನೆ, ಅಕ್ಕನೂ ಹೂಂ ಅಂದಳು ಎಂದು. ಇವಳಿಗೆ ಗೊತ್ತು. ಅಷ್ಟು ಜನರ ಮುಂದೆ ಭುಜ ಹಿಡಿದು ಅಲುಗಿಸಿದಾಗಲೂ ಬಾಯಿಬಿಡಲಿಲ್ಲ.

“ನಾನೇ” ಎಂದಳು ಅಕ್ಕ. “ನಾನೇ ಹೇಳಿದ್ದು.”

ಯಜಮಾನ ಗಂಟಲು ಸರಿಮಾಡಿಕೊಂಡ.

“ಮೇಡಂ, ಬೀಡಿ ಸೇದೋರಿಗೂ ವಸಡು ಕಪ್ಪಾಗುತ್ತೆ. ಈಗ ಇದನ್ನೆಲ್ಲ ದೊಡ್ಡದು ಮಾಡಿ, ಹೆಣ ಕುಯ್ಸಿ... ಪಾಪ, ಬೇಡ. ಗೌರವವಾಗಿ ಕಳಿಸೋಣ. ಬೇಗ ಮುಗಿಸಿಬಿಡೋಣ.”

“ಹೋದ ವರ್ಷ ಗಾಜು ಒಡೆಯೋನು ಸತ್ತಾಗಲೂ ಹೀಗೇ ಅಂದ್ರಿ” ಎಂದ ಕೊಕ್ಕರೆ. “ಅವನಿಗೂ ಹೊಟ್ಟೆನೋವು. ಅವನೂ ಫಿಟ್ಸ್ ಬಂದು ಬಿದ್ದ. ಅವತ್ತೂ ವ್ಯಾನ್ ನಿಮ್ಮದೇ, ಚೀಟಿ ನಿಮ್ಮದೇ. ನಮ್ಮ ಯಜಮಾನ್ರು ಎಷ್ಟು ಒಳ್ಳೇರು ಅಂತ ಮಾತಾಡ್ಕೊಂಡಿದ್ವಿ ನಾವು.”

“ಏಯ್, ನಾಳೆ ಕೆಲಸಕ್ಕೆ ಬರಬೇಕು ನೀನು.”

“ಬರ್ತೀನೋ ಇಲ್ವೋ, ಮೊದಲು ನನ್ನ ಬಾಯಿ ನೋಡಿಸ್ಕೋತೀನಿ.”

ಅಕ್ಕ ಯಜಮಾನನ ಮುಖವನ್ನು ಮತ್ತೊಮ್ಮೆ ನೋಡಿದಳು. ಬೆಳಗ್ಗೆ ಅದರಲ್ಲಿ ಕಂಡದ್ದು ಸುಳ್ಳಲ್ಲ. ಅವನು ಮುಚ್ಚಿಡುತ್ತಿದ್ದದ್ದೂ ನಿಜ, ಹೆದರಿದ್ದದ್ದೂ ನಿಜ. ಅವಳು ಊಹಿಸಿದ್ದು ಮಾತ್ರ ಬೇರೆ.

“ಮನೆಯವರು ಒಪ್ಪಬೇಕು” ಎಂದರು ಡಾಕ್ಟರಮ್ಮ. “ಒಪ್ಪಿದ್ರೆ ಪೊಲೀಸರಿಗೂ ಆಸ್ಪತ್ರೆಗೂ ಈಗಲೇ ಫೋನ್ ಮಾಡ್ತೀನಿ.”

ಎಲ್ಲರೂ ಅಕ್ಕನ ಮಾತಿಗೆ ಕಾದರು. ಅಕ್ಕ ಹೆಂಡತಿಯ ಕಡೆ ನೋಡಿದಳು. “ಅವಳನ್ನ ಕೇಳಿ” ಎಂದಳು.

ಹೆಂಡತಿ ಗಂಡನ ಹತ್ತಿರ ಹೋಗಿ ಕೂತಳು. ಅವನ ಅಂಗಿಯ ಮೇಲಿನ ಗುಂಡಿ ಬಿಟ್ಟಿತ್ತು. ಹಾಕಲು ನೋಡಿದಳು, ಇಷ್ಟು ದಿನ ಹೇಗೋ ಸಿಗುತ್ತಿದ್ದದ್ದು ಇವತ್ತು ಬೆರಳಿಗೆ ಸಿಗಲಿಲ್ಲ. ಹಾಗೇ ಬಿಟ್ಟಳು.

“ಕರ್ಕೊಂಡು ಹೋಗಿ” ಎಂದಳು. “ನನ್ನ ಮೇಲೆ ಬಂದ ಮಾತು ಅವರ ಜೊತೆ ಮಣ್ಣಾಗೋದು ಬೇಡ.”

ಹೊರಗೆ ಯಜಮಾನನ ವ್ಯಾನು ಹೊರಟುಹೋದ ಸದ್ದು ಕೇಳಿಸಿತು.

*

ದೊಡ್ಡಾಸ್ಪತ್ರೆಯ ಶವಾಗಾರದ ಮುಂದಿನ ಕಾರಿಡಾರು ಅಕ್ಕನಿಗೆ ಅಂಗೈಯಷ್ಟು ಪರಿಚಯ. ಅಲ್ಲಿನ ಹಳದಿ ಬೆಂಚಿನ ಮೇಲೆ ಕೂತವರಿಗೆ ಎಷ್ಟೋ ಸಲ ಅವಳೇ ನೀರು ತಂದುಕೊಟ್ಟಿದ್ದಳು. ಇವತ್ತು ಕೂತಿದ್ದಳು. ಪೊಲೀಸರು ಬಂದು ಕೇಳಿದ್ದನ್ನೆಲ್ಲ ಬರೆದುಕೊಂಡು ಹೋಗಿದ್ದರು. ಶೆಡ್ಡಿಗೆ ಬೀಗ ಬಿದ್ದಿದೆ, ಯಜಮಾನನ ಫೋನ್ ಸ್ವಿಚ್ ಆಫ್ ಆಗಿದೆ ಎಂದು ಯಾರೋ ಹೇಳಿದರು.

ಡಾಕ್ಟರಮ್ಮ ಕಾಯುವ ಹೊತ್ತನ್ನು ಸುಮ್ಮನೆ ಬಿಡಲಿಲ್ಲ. ಲ್ಯಾಬಿನವನನ್ನು ಅಲ್ಲಿಗೇ ಕರೆಸಿದರು. ಮೊದಲು ಮಗಳ ರಕ್ತ, ಆಮೇಲೆ ಹೆಂಡತಿಯ ರಕ್ತ, ಆಮೇಲೆ ಕೊಕ್ಕರೆ ಮತ್ತು ಅವನ ಜೊತೆಗಾರರದು. ಆರಡಿ ಕೊಕ್ಕರೆ ಸೂಜಿ ಕಂಡು ಕಣ್ಣು ಮುಚ್ಚಿಕೊಂಡ. ಮಗಳು ಅವನಿಗೆ, “ಇರುವೆ ಕಚ್ಚಿದ ಹಾಗೆ ಅಷ್ಟೇ, ಮಾಮಾ” ಎಂದು ಧೈರ್ಯ ಹೇಳಿದಳು.

“ಇವಳಿಗೆ ವಾಸಿಯಾಗುತ್ತಾ ಮೇಡಂ?” ಅಕ್ಕ ಮೆಲ್ಲಗೆ ಕೇಳಿದಳು.

“ಎಷ್ಟಿದೆ ಅಂತ ಗೊತ್ತಾಗಲಿ. ರಿಪೋರ್ಟ್ ಬರೋಕೆ ದಿನ ಹಿಡಿಯುತ್ತೆ. ಮದ್ದಿದೆ. ಆದರೆ ಆ ಮನೆಗೆ ಕಾಲಿಡಕೂಡದು, ಇಬ್ಬರೂ. ಅಲ್ಲಿನ ಒಂದು ಲೋಟಾನೂ ತರಬಾರದು.”

“ನನ್ನ ಮನೆ ಇದೆ.”

ಪಕ್ಕದಲ್ಲಿ ಕೂತಿದ್ದ ಹೆಂಡತಿ ಮುಖ ತಿರುಗಿಸಿ ಅಕ್ಕನನ್ನು ನೇರವಾಗಿ ನೋಡಿದಳು.

“ನನ್ನ ಕೈಯ ಊಟಕ್ಕೆ ಭಯ ಆಗಲ್ವಾ ಅತ್ತಿಗೆ?”

“ಅಡುಗೆ ನಾನು ಮಾಡ್ತೀನಿ” ಎಂದಳು ಅಕ್ಕ. “ನನ್ನ ಅಡುಗೆ ಎಂಥದ್ದು ಅಂತ ಅವನು ಹೇಳಿರ್ತಾನೆ. ಭಯ ಬೀಳಬೇಕಾದವಳು ನೀನು.”

ಹೆಂಡತಿ ನಗಲಿಲ್ಲ. ಮುಖವನ್ನೂ ತಿರುಗಿಸಲಿಲ್ಲ. ಸೂಜಿ ಚುಚ್ಚಿದ ಕಡೆ ಇಟ್ಟಿದ್ದ ಹತ್ತಿ ಟೇಪು ಬಿಟ್ಟುಕೊಂಡು ಅವಳ ತೋಳಿಂದ ಜಾರುತ್ತಿತ್ತು. ಅದನ್ನು ಒತ್ತಿ ಹಿಡಿಯಲು ಇನ್ನೊಂದು ಕೈಗೆ ಶಕ್ತಿಯಿರಲಿಲ್ಲ. ಸಣ್ಣ ಕೆಂಪು ಹನಿಯೊಂದು ಮೊಳಕೈಯ ಕಡೆ ಇಳಿಯಿತು. ಅಕ್ಕ ಹತ್ತಿಯನ್ನು ಮೇಲಕ್ಕೆ ಸರಿಸಿ, ತನ್ನ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಆಕೆ ತೋಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸಂಜೆ ನಾಲ್ಕಕ್ಕೆ ಕಬ್ಬಿಣದ ಬಾಗಿಲು ತೆರೆಯಿತು. “ಹೆಣದ ಕಡೆಯವರು ಬನ್ನಿ” ಎಂದು ಒಳಗಿನಿಂದ ಕೂಗಿದರು. ಕೊಕ್ಕರೆ ಎದ್ದ, ಅವನ ಜೊತೆಗಾರರು ಎದ್ದರು. ಒಳಗೆ ಹೋಗಿ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಟೀವಿ ಡಾಕ್ಟರನ್ನು ಆರು ಜನ ಹೆಗಲ ಮೇಲೆ ಎತ್ತಿಕೊಂಡು ಹೊರಬಂದರು. ಎಲ್ಲರ ತೋಳೂ ಮೇಲಕ್ಕೆತ್ತಿತ್ತು. ಮಡಿಸಿದ ತೋಳಂಗಿಯ ಕೆಳಗೆ, ಮೊಳಕೈಯ ಒಳಮಗ್ಗುಲಲ್ಲಿ, ಒಬ್ಬೊಬ್ಬರಿಗೂ ಒಂದೊಂದು ಹತ್ತಿಯ ಉಂಡೆ ಟೇಪಿನಿಂದ ಅಂಟಿಸಿತ್ತು. ಅವರ ಹಿಂದೆ ಮಗಳು, ಮಗಳ ಹಿಂದೆ ಆ ಇಬ್ಬರು ಹೆಂಗಸರು ಒಬ್ಬಳ ತೋಳಿಗೆ ಇನ್ನೊಬ್ಬಳ ಹೆಬ್ಬೆರಳು ಒತ್ತಿಕೊಂಡು, ಹೆಜ್ಜೆ ತಪ್ಪದ ಹಾಗೆ ಮೆಲ್ಲಗೆ ನಡೆದರು.